ದೇವಕಣಗಿಲೆಗೆ ಎರೆದ ನೀರು

ಮಾಡಬೇಡ ಎಂದದ್ದನ್ನು ಒಂದು ಚಮಚೆಯಷ್ಟಾದರೂ ಮಾಡಿಯೇ ತೀರುವ ಕೆಟ್ಟ ಚಾಳಿ ನನ್ನದು. ಅಮೆರಿಕದ ಕ್ಯಾಂಟನ್ನಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದ್ದ ಆಂಟಿಯ ಗಿಡವನ್ನು ನಾನು ಕೊಂದದ್ದು ಹಾಗೆ. ಕೊಂದೆ ಎಂದೇ ಬರೆಯುತ್ತೇನೆ; ಸತ್ತಿತು ಎಂದು ಇಷ್ಟು ವರ್ಷ ಹೇಳಿಕೊಂಡದ್ದು ಸಾಕು.

ಆಂಟಿ ದಾವಣಗೆರೆಯ ಮುಸ್ಲಿಮರು. ನನ್ನ ಒಬ್ಬಟ್ಟು ಗಟ್ಟಿ ಎಂದು ಮುಖದ ಮೇಲೆ ಹೇಳಿ, ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ ಹೆಂಗಸು. ಅವರ ತಾಯಿಯ ಗೋರಿಯ ಪಕ್ಕ ಒಂದು ದೇವಕಣಗಿಲೆ ಮರವಿತ್ತು. ಒಮ್ಮೆ ಊರಿಗೆ ಹೋದಾಗ ಅದರದ್ದೊಂದು ಗೇಣುದ್ದದ ಕಡ್ಡಿ ಮುರಿದು, ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ತಂದು, ಇಲ್ಲಿ ಕುಂಡದಲ್ಲಿ ಬೇರು ಬರಿಸಿದ್ದರು. ಮೊಣಕಾಲೆತ್ತರ ಆಗಿತ್ತು, ಇನ್ನೂ ಹೂ ಬಿಟ್ಟಿರಲಿಲ್ಲ.

"ಹಾಲಿನಂಗೆ ಬಿಳಿ ಕಣಮ್ಮಾ, ನಡುವೆ ಅರಿಶಿನ ಇಟ್ಟಂಗೆ ಇರ್ತದೆ," ಎಂದು ನನಗೆ ನೂರು ಸಲವಾದರೂ ಹೇಳಿದ್ದರು.

ಆ ವರ್ಷ ಅಂಕಲ್, ಆಂಟಿ ಇಬ್ಬರೂ ಚಳಿಗಾಲಕ್ಕೆ ಊರಿಗೆ ಹೊರಟರು. ಮಗಳು ಕಾಲೇಜು ಹಾಸ್ಟೆಲಿನಲ್ಲಿದ್ದಳು. ಬೀಗ ಹಾಕಿದ ಮನೆಯಲ್ಲಿ ಗಿಡ ಚಳಿಗೆ ಸಾಯುತ್ತದೆಂದು ಕುಂಡವನ್ನು ನನ್ನ ಬೇಸ್‌ಮೆಂಟಿಗೆ ತಂದಿಟ್ಟರು. "ಎಲೆ ಎಲ್ಲಾ ಉದುರ್ತದೆ, ಹೆದರಬೇಡ. ನಿದ್ದೆ ಮಾಡ್ತದೆ ಅಷ್ಟೇ. ಏಪ್ರಿಲ್‌ವರೆಗೂ ಒಂದ್ ಹನಿ ನೀರು ಹಾಕ್ಬೇಡ."

"ಆಯ್ತು ಆಂಟಿ," ಎಂದೆ.

ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ನನ್ನ ತುಳಸಿ ಎಂದಿನಂತೆ ಒಣಗಿಹೋಯಿತು. ಪೂಜೆಯ ನೀರನ್ನು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು ಎಂಬುದು ನಮ್ಮಮ್ಮ ಕಲಿಸಿದ ಪಾಠ. ಹೊರಗೆ ಎರಡಡಿ ಹಿಮ. ಸಿಂಕಿಗೆ ಸುರಿದರೆ ಎಂಜಲು ತಟ್ಟೆ ತೊಳೆದ ನೀರಿನ ಜೊತೆ ಹೋಗುತ್ತದೆ. ಮನೆಯಲ್ಲಿದ್ದ ಗಿಡ ಅದೊಂದೇ. ಆಂಟಿ ಬೇಡವೆಂದದ್ದು ನೀರು, ತೀರ್ಥವೇನು ಬರೀ ನೀರೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ದಿನಾ ಬೆಳಿಗ್ಗೆ ಒಂದು ಪುಟ್ಟ ಲೋಟ ಎರೆದೆ. ಎಲೆಯಿಲ್ಲದೆ ಬೋಳಾಗಿ ನಿಂತದ್ದನ್ನು ಕಂಡು ಪಾಪ ಎನಿಸಿ ಶುಕ್ರವಾರ ಎರಡು ಲೋಟ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅಂತಾರಲ್ಲ, ನನ್ನಂಥವಳನ್ನು ನೋಡಿಯೇ ಹೇಳಿರಬೇಕು.

ಫೆಬ್ರವರಿಯಲ್ಲಿ ಆಂಟಿ ಊರಿನಿಂದ ಫೋನ್ ಮಾಡಿದರು. ಗೋರಿಸ್ತಾನಕ್ಕೆ ಕಾಂಪೌಂಡ್ ಕಟ್ಟುವಾಗ ಆ ಮರವನ್ನು ಬುಡಸಮೇತ ಕಿತ್ತಿದ್ದರಂತೆ. ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಸದ್ಯ, ನಿನ್ ಹತ್ರ ಒಂದು ಉಳಿದಿದೆಯಲ್ಲ ತಾಯಿ," ಎಂದರು.

ಫೋನ್ ಇಟ್ಟವಳೇ ಬೇಸ್‌ಮೆಂಟಿಗೆ ಓಡಿದೆ. ಕಾಂಡವನ್ನು ಒತ್ತಿದೆ. ಕಳಿತ ಬಾಳೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಕೊಳೆಯದ ತುದಿಯಾದರೂ ಸಿಕ್ಕರೆ ನೆಡೋಣವೆಂದು ಚಾಕುವಿನಿಂದ ಮೇಲೆ ಮೇಲೆ ಕತ್ತರಿಸುತ್ತ ಹೋದೆ. ಎಲ್ಲಿ ಕತ್ತರಿಸಿದರೂ ಕಂದು ಬಣ್ಣ, ಹಾಲು ಒಸರಲಿಲ್ಲ. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಚಾಕು ಮಾತ್ರ.

ಆಗಲೇ ಫೋನ್ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಶಿಕಾಗೋ ಹತ್ತಿರ ನೇಪರ್‌ವಿಲ್ಲಿನಲ್ಲಿದ್ದ ಗೆಳತಿಯ ಮನೆಯಲ್ಲೊಂದು ದೇವಕಣಗಿಲೆ ಇತ್ತು. ಅವಳನ್ನು ನೋಡಬೇಕೆನಿಸಿದೆ ಎಂದು ಗಂಡನಿಗೆ ಸುಳ್ಳು ಹೇಳಿ, ಹಿಮದಲ್ಲಿ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿದೆ. "ಹೂವಿನ ಬಣ್ಣ ಯಾವ್ದೋ ಗೊತ್ತಿಲ್ಲ ಕಣೇ, ಇನ್ನೂ ಬಿಟ್ಟೇ ಇಲ್ಲ," ಎನ್ನುತ್ತ ಗೆಳತಿ ಒಂದು ಕಡ್ಡಿ ಕತ್ತರಿಸಿಕೊಟ್ಟಳು. ಶಾಲಿನಲ್ಲಿ ಸುತ್ತಿ ತಂದೆ. ಗಾಯ ಒಣಗಲೆಂದು ವಾರ ಬಿಟ್ಟು, ಆಂಟಿಯ ಕುಂಡಕ್ಕೇ ಹೊಸ ಮಣ್ಣು ತುಂಬಿ ನೆಟ್ಟು, ಬುಡ ಬೆಚ್ಚಗಿರಲೆಂದು ವಾಟರ್ ಹೀಟರಿನ ಮೇಲಿಟ್ಟೆ. ಈ ಸಲ ಗೆಳತಿ ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸಿದೆ. ಬೇರು ಬಂತು.

ಮೇ ತಿಂಗಳಲ್ಲಿ ಆಂಟಿ ಬಂದು ಕುಂಡ ನೋಡಿದರು. "ಗಿಡ್ಡ ಆಗಿದೆಯಲ್ಲ?"

"ತುದಿ ಕೊಳೀತಿತ್ತು ಆಂಟಿ, ಕಟ್ ಮಾಡಿದೆ."

"ಒಳ್ಳೇದ್ ಮಾಡ್ದೆ. ಇಲ್ಲಾಂದ್ರೆ ಪೂರ್ತಿ ಹೋಗ್ತಿತ್ತು," ಎಂದು ನನ್ನ ಕೆನ್ನೆ ಸವರಿದರು.

ಮೂರನೆಯ ಬೇಸಿಗೆಯಲ್ಲಿ ಅದು ಹೂ ಬಿಟ್ಟಿತು. ಆಂಟಿ ಕರೆದರೆಂದು ಹೋದೆ. ಮನೆ ಹಿಂದಿನ ಡೆಕ್ಕಿನ ಮೇಲೆ, ಬಿಸಿಲಲ್ಲಿ, ಗೊಂಚಲು ಗೊಂಚಲು ಗುಲಾಬಿ ಬಣ್ಣ. ಆಂಟಿ ಹೂವನ್ನಲ್ಲ, ನನ್ನನ್ನೇ ನೋಡುತ್ತಿದ್ದರು.

"ಬಿಳಿ ಇತ್ತು ಅಂತ ನನ್ ತಲೇಲಿ ಇತ್ತಲ್ಲಮ್ಮಾ. ಮಗಳು ಬೇರೆ, ಅಮ್ಮಾ ನೀನು ಈಚೆಗೆ ಮರೀತೀಯ, ಡಾಕ್ಟರ್ ಹತ್ರ ಹೋಗೋಣ ಅಂತಾಳೆ. ನಮ್ಮ ಅಮ್ಮೀ ಮರದ ಹೂವೂ ಮರೆತು ಹೋಗ್ತದಾ?" ನನ್ನ ಕೈ ಹಿಡಿದುಕೊಂಡರು. "ನಿಂಗೆ ಎಷ್ಟ್ ಸಲ ಹೇಳಿದೀನಿ. ನೀನೇ ಹೇಳು, ನಾನು ಯಾವ ಬಣ್ಣ ಅಂತಿದ್ದೆ?"

ನಿಜ ಹೇಳಲು ದೇವರು ಇದಕ್ಕಿಂತ ಸುಲಭದ ದಾರಿ ಕೊಡಲಾರ. ಬಿಳಿ ಎಂಬ ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಆಡಿದರೆ ಮುಂದಿನದೆಲ್ಲ ಆಡಬೇಕಾಗುತ್ತಿತ್ತು.

"ಗುಲಾಬಿ ಅಂತಲೇ ಅಂತಿದ್ರಿ ಆಂಟಿ," ಎಂದೆ.

ಅವರು ನಿಧಾನವಾಗಿ ಕೈ ಬಿಟ್ಟರು. "ಹಂಗಾದ್ರೆ ಮಗಳು ಹೇಳೋದೇ ಸರಿ," ಎಂದು ಕುರ್ಚಿಯ ಮೇಲೆ ಕೂತರು. ಆಮೇಲೆ ಒಂದು ಹೂ ಕಿತ್ತು, "ತಗೋ, ನಿಮ್ ದೇವರಿಗಿಡು. ಉಳಿಸಿದೋಳು ನೀನು," ಎಂದು ಕೊಟ್ಟರು.

ಆ ವಾರದ ಕೊನೆಗೆ ನನ್ನನ್ನೂ ಸೇರಿಸಿ ಹಲವರನ್ನು ಊಟಕ್ಕೆ ಕರೆದು, ಬಂದವರಿಗೆಲ್ಲ ಆಂಟಿ ಗಿಡ ತೋರಿಸಿದರು. "ಅಮ್ಮೀ ಗೋರಿ ಹತ್ರ ಇದ್ದ ಮರದ್ದು. ಹಿಂಗೇ ಗುಲಾಬಿ ಹೂ ಬಿಡ್ತಿತ್ತು. ಬೇಕಾದ್ರೆ ಇವಳನ್ನ ಕೇಳಿ, ನಂಗಿಂತ ಚೆನ್ನಾಗಿ ಇವಳಿಗೆ ನೆನಪಿದೆ," ಎಂದು ನನ್ನ ಕಡೆ ಕೈ ಮಾಡಿದರು. ಎಲ್ಲರೂ ನನ್ನತ್ತ ತಿರುಗಿದರು. ಹೌದು ಎಂದು ತಲೆಯಾಡಿಸಿದೆ.