ಹಾರುದೋಣಿಯ ಬಿರಡೆಗಳು

ಲಿಯಾಂಡರ್ ಟಲ್ಕ್ ಕಾಡಿನ ಬೆಂಕಿಯನ್ನು ಹತ್ತಿರದಿಂದ ನೋಡಿದವನೇ ಅಲ್ಲ. ಬೆಂಕಿ ಆರಿಸುವ ಹಾರುದೋಣಿಗಳ ಹೊಟ್ಟೆಯಡಿ, ಒದ್ದೆ ಸಿಮೆಂಟಿನ ಮೇಲೆ ಅಂಗಾತ ಮಲಗಿಯೇ ಅವನ ಆಯುಷ್ಯ ಕಳೆಯಿತು. ನ್ಯೂಫೌಂಡ್‌ಲೆಂಡಿನ ನಮ್ಮ ಕೆರೆಯ ದಂಡೆಯಲ್ಲಿ ಆಗ ಅಂಥ ದೋಣಿಗಳಿದ್ದವು, ನೀರಿನ ಮೇಲೂ ಇಳಿಯಬಲ್ಲ ವಿಮಾನಗಳು. ಯುದ್ಧಕ್ಕೆಂದು ಕಟ್ಟಿದವು, ಆಮೇಲೆ ಕಾಡು ಕಾಯಲು ಬಂದವು. ಕೆರೆಗೆ ಹೊಟ್ಟೆ ತಾಗಿಸಿ ಓಡುತ್ತಲೇ ನೀರು ತುಂಬಿಕೊಂಡು ಮೇಲೇಳುತ್ತಿದ್ದವು, ಉರಿಯುವ ಮರಗಳ ಮೇಲೆ ಸುರಿದು ಮತ್ತೆ ಬರುತ್ತಿದ್ದವು.

ಪ್ರತಿ ದೋಣಿಯ ತಳದಲ್ಲೂ ತೂತುಗಳು. ದಂಡೆಗೆ ಎಳೆದಾಗ ಹಿತ್ತಾಳೆ ಬಿರಡೆಗಳನ್ನು ಬಿಚ್ಚಿ, ಒಳಗೆ ಜಿನುಗಿದ ನೀರನ್ನು ಹರಿಯಬಿಡಬೇಕು. ನೀರಿಗಿಳಿಸುವ ಮೊದಲು ಮತ್ತೆ ಬಿಗಿಯಬೇಕು. ಅದು ಲಿಯಾಂಡರನ ಕೆಲಸ. ಬಿರಡೆಗಳನ್ನು ಹುರಿಗೆ ಪೋಣಿಸಿ ಕೋಟಿನ ಒಳಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಬಿಗಿದಾದ ಮೇಲೆ ಕೆಳಗಿನಿಂದಲೇ "ಅಡಿ ಭದ್ರ" ಅನ್ನುತ್ತಿದ್ದ. ಆ ಮಾತು ಕಿವಿಗೆ ಬೀಳದೆ ನಾನು ದೋಣಿಗೆ ಕಟ್ಟಿದ ಟ್ರ್ಯಾಕ್ಟರನ್ನು ಕೆರೆಯ ಇಳಿಜಾರಿನತ್ತ ಬಿಡುತ್ತಿರಲಿಲ್ಲ.

ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಒಂದು ಬಿರಡೆ ಮರೆತು, ಕಟ್ಟಿಹಾಕಿದ್ದ ದೋಣಿ ನಿಂತಲ್ಲೇ ಮುಳುಗಿತ್ತಂತೆ. ಆ ಹೆದರಿಕೆ ಅವನನ್ನು ಬಿಡಲೇ ಇಲ್ಲ. ಊಟಕ್ಕೆ ಕೂತಾಗಲೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೆಂಡತಿ ಡಲ್ಸಿ ಮೀನಿನ ತಟ್ಟೆ ಮುಂದಿಡುತ್ತಾ ಹಂಗಿಸುತ್ತಿದ್ದಳು: "ಅಡುಗೆಮನೆ ನಲ್ಲಿ ಯಾವ ಕಾಲದಿಂದ ತೊಟ್ಟಿಕ್ತಾ ಇದೆ. ಅದಕ್ಕೂ ಒಂದ್ ಜೊತೆ ರೆಕ್ಕೆ ಕಟ್ಟಿಸ್ಲಾ? ಆಗ್ಲಾದ್ರೂ ತಿರುಗಿ ನೋಡ್ತೀಯೇನೋ."

ಹೊಸ ವಿಮಾನಗಳು ಬಂದವು. ಹಳೆಯವುಗಳಲ್ಲಿ ಒಂದನ್ನು ಪೇಟೆಯಲ್ಲಿ ಸ್ಮಾರಕವೆಂದು ಕಂಬದ ಮೇಲೆ ನಿಲ್ಲಿಸಿದರು. ಉಳಿದವನ್ನು ಬಿಡಿಭಾಗಕ್ಕೆಂದು ಕಿತ್ತರು. ಕಡೆಗೆ ದಂಡೆಯಲ್ಲಿ ಉಳಿದದ್ದು ಏಳನೆಯ ನಂಬರಿನದೊಂದೇ. ಲಿಯಾಂಡರ್ ಅದನ್ನು ಮುದುಕಿ ಅನ್ನುತ್ತಿದ್ದ. ನಿವೃತ್ತನಾದ ಮೇಲೂ ದಿನಾ ಬಂದು ಅದರ ಕೆಳಗೆ ಬಗ್ಗಿ ನೋಡಿ ಹೋಗುತ್ತಿದ್ದ.

ಒಂದು ಶರತ್ಕಾಲದಲ್ಲಿ ನೋವಾಸ್ಕೋಷಿಯಾದಿಂದ ಮೆಕ್‌ಫೀ ಎಂಬಾತ ಬಂದ. ಹಳೆಯ ವಿಮಾನಗಳನ್ನು ಕೊಂಡು ರಿಪೇರಿ ಮಾಡಿ ಹಾರಿಸುವವನು. ಮುದುಕಿಯ ತಳವನ್ನೆಲ್ಲ ತಟ್ಟಿ ನೋಡಿ ತಲೆಯಾಡಿಸಿದ.

"ತಳ ಗಟ್ಟಿಯಾಗಿದೆ. ಹಿಮ ಕರಗಿದ ಮೇಲೆ ಬರ್ತೀನಿ. ನೀರಿಗಿಳಿಸಿ ಹಾರಿಸ್ಕೊಂಡೇ ಹೋಗೋದು."

"ಕಂಬಕ್ಕೆ ಚುಚ್ಚಲ್ಲ ತಾನೆ?" ಅಂದ ಲಿಯಾಂಡರ್.

"ಇಲ್ಲ ಅಜ್ಜ. ಹಾರಿಸ್ತೀನಿ."

ಆ ಸಂಜೆ ಲಿಯಾಂಡರ್ ನಮಗೆಲ್ಲ ರಮ್ ಕುಡಿಸಿದ. ಡಲ್ಸಿಗೆ ನಂಬಲಾಗಲಿಲ್ಲ. "ಮದುವೆ ದಿನಾನೂ ಇವನು ಹೀಗೆ ಜೇಬು ಬಿಚ್ಚಿರ್ಲಿಲ್ಲ" ಅಂದಳು.

ಅಷ್ಟರಲ್ಲಿ ಅವನ ಸೊಂಟದ ಕೀಲು ಪೂರಾ ಕೆಟ್ಟಿತ್ತು. ಸೇಂಟ್ ಜಾನ್ಸ್‌ನಲ್ಲಿ ಆಪರೇಷನ್, ಆಮೇಲೆ ಬೇಸಿಗೆಯವರೆಗೆ ಮಗಳ ಮನೆಯಲ್ಲಿ ವಿಶ್ರಾಂತಿ ಎಂದಾಗಿತ್ತು. ಹೊರಡುವ ದಿನ ಬೆಳಿಗ್ಗೆ ಅವನು ಒಬ್ಬನೇ ದಂಡೆಗೆ ಹೋಗಿ ಮುದುಕಿಯ ಕೆಳಗೆ ಮಲಗಿ ಬಿರಡೆಗಳನ್ನೆಲ್ಲ ಬಿಗಿದು ಬಂದ. ಯಾರಿಗೂ ಹೇಳಲಿಲ್ಲ.

ಮುದುಕಿಗೆ ಹೊದಿಸಿದ್ದ ಟಾರ್ಪಾಲು ಚಳಿಗಾಲದ ಗಾಳಿಗೆ ಹರಿಯಿತು. ಹಳೆಯ ಕಿಟಕಿಗಾಜಿನ ಅಂಚುಗಳಿಂದ ಮಳೆ ಒಳಗಿಳಿಯಿತು. ಇಳಿದ ನೀರಿಗೆ ಹೋಗಲು ದಾರಿಯಿರಲಿಲ್ಲ. ಅದು ಅಲ್ಲೇ ಹೆಪ್ಪುಗಟ್ಟಿ ಉಬ್ಬಿತು.

ಹಿಮ ಕರಗುವ ಹೊತ್ತಿಗೆ ಮೆಕ್‌ಫೀ ಬಂದ. ವೈದ್ಯರ ಮಾತು ಮೀರಿ ಲಿಯಾಂಡರನೂ ಊರುಗೋಲು ಹಿಡಿದು ಬಂದ, ಕಡೆಯ ಸಲ "ಅಡಿ ಭದ್ರ" ಅನ್ನಲು. ಶೇವ್ ಮಾಡಿಕೊಂಡು ಚರ್ಚಿನ ಕೋಟು ಹಾಕಿದ್ದ. ಮೆಕ್‌ಫೀ ಬಾಗಿಲು ತೆಗೆದು ಟಾರ್ಚು ಬಿಟ್ಟ. ಒಳಗೆ ಉದ್ದಕ್ಕೂ ಮಂಜುಗಡ್ಡೆ. ತಳದ ತಗಡುಗಳು ಬೆಂದ ಚಿಪ್ಪುಮೀನಿನಂತೆ ಬಾಯಿ ಬಿಟ್ಟಿದ್ದವು.

"ಚಳಿಗಾಲಕ್ಕೆ ಬಿರಡೆ ಹಾಕ್ದೋರು ಯಾರು?"

ನನಗೆ ಗೊತ್ತಾಗಿಹೋಯಿತು. "ಹುಡುಗ್ರು ಯಾರೋ ಆಟಕ್ಕೆ..." ಅಂದೆ.

"ಸುಮ್ನಿರು ಮಾರಾಯ. ಸುಳ್ಳು ಹೇಳೋಕೆ ನಿಂಗೆ ಬರಲ್ಲ" ಅಂದ ಲಿಯಾಂಡರ್. "ನಾನೇ ಹಾಕ್ದೆ."

"ಯಾಕಜ್ಜ?"

"ನಾನಿಲ್ದಾಗ ಯಾರಾದ್ರೂ ಮರೆತ್ಬಿಟ್ರೆ ಅಂತ."

ಮೆಕ್‌ಫೀ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಂಜಿನ್ನುಗಳನ್ನೂ ರೆಕ್ಕೆಗಳನ್ನೂ ಬಿಚ್ಚಿಸಿಕೊಂಡು ಹೊರಟುಹೋದ. ಒಡಲನ್ನು ಗುಜರಿಯವರಿಗೆ ಬಿಟ್ಟರು.

ಅವರು ಗರಗಸ ತಂದ ದಿನ ಲಿಯಾಂಡರ್ ಅಡ್ಡ ನಿಂತ. "ಸ್ವಲ್ಪ ತಡೀರಿ. ಬಿರಡೆ ತೆಗೀಬೇಕು."

"ಅದನ್ನ ಕೊಯ್ಯೋದೇ ಅಲ್ವಾ ತಾತ, ಬಿರಡೆ ಇದ್ರೇನು, ಬಿಟ್ರೇನು?" ಅಂದ ಒಬ್ಬ.

ಲಿಯಾಂಡರ್ ಊರುಗೋಲನ್ನು ನನ್ನ ಕೈಗಿತ್ತ. ನಾನು ರಟ್ಟು ಹಾಸಿ, ತೋಳು ಹಿಡಿದು ಮಲಗಿಸಿದೆ. ಒಂದೊಂದಾಗಿ ಬಿಚ್ಚಿದ. ತಗಡು ಒಡೆಯದೆ ಉಳಿದಿದ್ದ ಹಿಂದಿನ ಗೂಡಿನಲ್ಲಿ ಇನ್ನೂ ಕರಗಿದ ನೀರಿತ್ತು. ಅದು ಅವನ ತೋಳಿನ ಮೇಲೆ ಹರಿದು ಕೋಟಿನೊಳಗೆ ಇಳಿಯಿತು. ಅವನು ಕೈ ಸರಿಸಲಿಲ್ಲ. ನೀರು ಪೂರ್ತಿ ನಿಲ್ಲುವವರೆಗೆ ಹಾಗೆಯೇ ಮಲಗಿದ್ದ. ನಾನು ಅಭ್ಯಾಸಬಲದಿಂದ ಅವನ ದನಿಗೆ ಕಾಯುತ್ತಾ ನಿಂತಿದ್ದೆ.

"ಅಡಿ ಖಾಲಿ" ಅಂದ ಕೆಳಗಿನಿಂದ. "ಕೊಯ್ಕೊಳ್ಳಿ."

ಗರಗಸದ ಸದ್ದು ಮನೆಯವರೆಗೂ ಕೇಳುತ್ತಿತ್ತು. ಡಲ್ಸಿ ಕಿಟಕಿ ಮುಚ್ಚಿದಳು. ಅವನ ಒದ್ದೆ ಕೋಟನ್ನು ಒಲೆಯ ಬಳಿ ಹರವಿ, ಜೇಬಿನಿಂದ ಬಿರಡೆಗಳನ್ನು ತೆಗೆದು ಒಂದೊಂದಾಗಿ ಒರೆಸಿ ಮೇಜಿನ ಮೇಲಿಟ್ಟಳು. ಆ ದಿನ ನಲ್ಲಿಯ ಮಾತೆತ್ತಲಿಲ್ಲ.