ನಾಲ್ಕು ಪಟ್ಟಿಯಿಂದ ಮೂರು ಪಟ್ಟಿಗೆ

ಏರ್‌ಪೋರ್ಟ್ ದೇವನಹಳ್ಳಿಗೆ ಹೋದ ವರ್ಷ ನಾನು ಜನರನ್ನು ಒಯ್ಯುವ ವಿಮಾನ ಬಿಟ್ಟು ಸಾಮಾನು ಒಯ್ಯುವ ವಿಮಾನಕ್ಕೆ ಸೇರಿಕೊಂಡೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟೆ. ಅಮ್ಮನಿಗೆ, ಇದು ಜೆಟ್, ದೊಡ್ಡದು ಎಂದೆ. ಜೊತೆಯ ಪೈಲಟ್‌ಗಳಿಗೆ, ನಮ್ಮ ಸಣ್ಣ ಕಂಪನಿ ಇನ್ನೆಷ್ಟು ದಿನ ಇರುತ್ತದೋ ಎಂದೆ. ಎದುರುಮನೆ ಆಂಟಿಗೆ, ರಜೆ ಜಾಸ್ತಿ ಸಿಗುತ್ತದೆ ಎಂದೆ. ಯಾವುದೂ ಸುಳ್ಳಲ್ಲ. ಆದರೆ ಎಲ್ಲವನ್ನೂ ಕೂಡಿಸಿದರೂ ನನಗೇ ಅದು ಕಾರಣ ಅನ್ನಿಸುತ್ತಿರಲಿಲ್ಲ.

ನಮ್ಮ ಮನೆ ಕುರುಬರಹಳ್ಳಿಯಲ್ಲಿ. ಅಪ್ಪ ಸಿಟಿ ಬಸ್ ಡ್ರೈವರ್ ಆಗಿದ್ದವರು. ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ವರ್ಷಾನುಗಟ್ಟಲೆ ಓಡಿಸಿ ರಿಟೈರ್ ಆದರು. ಹೆಗ್ಗನಹಳ್ಳಿಯಲ್ಲಿದ್ದ ಒಂದೇ ಸೈಟು ಮಾರಿ ನನ್ನನ್ನು ಪೈಲಟ್ ಮಾಡಿದರು. ನಾನು ಓಡಿಸುತ್ತಿದ್ದದ್ದು ಜೆಟ್ ಅಲ್ಲ, ರೆಕ್ಕೆಗೊಂದು ಪಂಖ ತಿರುಗುವ, ನಲವತ್ತೆಂಟು ಸೀಟಿನ ವಿಮಾನ. ಹುಬ್ಬಳ್ಳಿ, ಮಂಗಳೂರು, ಬೆಳಗಾವಿ ಸುತ್ತುತ್ತಿತ್ತು. ಮೂವತ್ತೊಂದಕ್ಕೆ ಕ್ಯಾಪ್ಟನ್ ಆದೆ. ನನ್ನ ಭುಜದ ಮೇಲೆ ನಾಲ್ಕನೇ ಪಟ್ಟಿ ಬಂದ ದಿನ ಅಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಶೂ ಬಿಚ್ಚುವ ಮೊದಲೇ ಕೇಳುತ್ತಿದ್ದರು, “ಇವತ್ತು ಫುಲ್ಲಾ?” ನಾನು “ಫುಲ್ಲು” ಎಂದರೆ ಅವರಿಗೆ ಅದೊಂದು ಸಮಾಧಾನ.

ಒಂದು ಮಳೆಗಾಲದ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಟಿದ್ದೆವು. ಅಲ್ಲಿ ಮೋಡ ನೆಲಕ್ಕೇ ಇಳಿದಂತಿತ್ತು. ಎರಡು ಸಲ ಇಳಿಯಲು ನೋಡಿದೆ, ಎರಡು ಸಲವೂ ರನ್‌ವೇ ಕಾಣಲಿಲ್ಲ. ಮೂರನೆಯದನ್ನು ಪ್ರಯತ್ನಿಸದೆ ವಾಪಸ್ ಬೆಂಗಳೂರಿಗೆ ತಂದು ಇಳಿಸಿದೆ. ಬಾಗಿಲ ಹತ್ತಿರ ನಿಂತು ಇಳಿಯುವವರ ಹತ್ತಿರ ಕ್ಷಮೆ ಕೇಳುತ್ತಿದ್ದಾಗ ಒಬ್ಬರು ನನ್ನೆದುರು ನಿಂತುಬಿಟ್ಟರು. ಐವತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಬ್ಯಾಗೂ ಇರಲಿಲ್ಲ.

“ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗ ಆಗೋದು,” ಎಂದರು. ಮತ್ತೆ ಸ್ವಲ್ಪ ತಡೆದು, ದನಿ ತಗ್ಗಿಸಿ, “ಬಸ್ಸಿನ್ಯಾಗ ಹೋಗಿದ್ರ ಇಷ್ಟೊತ್ತಿಗೆ ಮುಟ್ಟಿರ್ತಿದ್ದೆ,” ಎಂದರು.

ಅವರು ಇಳಿದು ಹೋದ ಮೇಲೆ ಹಿಂದಿನ ಸೀಟಿನಲ್ಲಿದ್ದ ಹೆಂಗಸು ನನ್ನ ಕೈ ಮುಟ್ಟಿ ಹೇಳಿದರು: “ಬ್ಯಾಸರಾ ಮಾಡ್ಕೋಬ್ಯಾಡ್ರಿ ಮೇಡಂ. ಅವರ ತಾಯಿ ತೀರ್ಕೊಂಡಾರ. ಮಣ್ಣಿಗೆ ಹೊಂಟಿದ್ರು.”

ಕಂಪನಿಯವರು ನಾನು ಮಾಡಿದ್ದು ಸರಿ ಎಂದರು. ನನಗೂ ಅದು ಸರಿಯೇ ಎಂದು ಗೊತ್ತಿತ್ತು. ಇವತ್ತಿಗೂ ಹಾಗೇ ಮಾಡುತ್ತೇನೆ. ಆ ದಿನ ಅಪ್ಪನಿಗೆ ‘ವೆದರ್ ಸರಿ ಇರ್ಲಿಲ್ಲ’ ಎಂದಷ್ಟೇ ಹೇಳಿ, ಉಳಿದದ್ದನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಮೂರು ತಿಂಗಳ ಮೇಲೆ ಸರಕು ವಿಮಾನದ ಕಂಪನಿಗೆ ಅರ್ಜಿ ಹಾಕಿದೆ. ಆ ಮನುಷ್ಯನಿಗೂ ಈ ಅರ್ಜಿಗೂ ಸಂಬಂಧವಿಲ್ಲ ಎಂದೇ ಅಂದುಕೊಂಡಿದ್ದೆ.

ಹೊಸ ಕಂಪನಿಯಲ್ಲಿ ಜೆಟ್ ಓಡಿಸಿ ಅನುಭವವಿಲ್ಲದವರು ಮೊದಲು ಬಲಗಡೆಯ ಸೀಟಿನಲ್ಲಿ ಸಹ ಪೈಲಟ್ ಆಗಿ ಕೂರಬೇಕು. ನಾಲ್ಕು ಪಟ್ಟಿ ತೆಗೆದು ಮೂರು ಪಟ್ಟಿ ಹಾಕಿಕೊಂಡೆ. ಎಡಗೈ ಮಾಡುತ್ತಿದ್ದ ಕೆಲಸ ಬಲಗೈಗೆ ಬಂತು, ಬಲಗೈಯದು ಎಡಗೈಗೆ. ಮೊದಲ ವಾರಗಳಲ್ಲಿ ನನ್ನ ಕೈಗಳು ನನ್ನವಲ್ಲ ಅನ್ನಿಸುತ್ತಿತ್ತು. ಮನೆಯಲ್ಲಿ ಊಟದ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಎಡಗೈಯನ್ನು ಹಿಂದೆ ಮುಂದೆ ಆಡಿಸಿ ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಅದನ್ನು ಎರಡು ದಿನ ನೋಡಿ, “ಭುಜ ಹಿಡ್ಕೊಂಡಿದೆಯೇನೇ?” ಎಂದು ಎಣ್ಣೆ ಬಿಸಿ ಮಾಡಿ ತಂದರು.

ಹೊಸ ಕಂಪನಿಯಲ್ಲಿ ನನಗೆ ಸಿಕ್ಕಿದ್ದು ಹಿಂದೊಮ್ಮೆ ಜನರನ್ನು ಒಯ್ಯುತ್ತಿದ್ದ ಹಳೆಯ ವಿಮಾನ. ಕಿಟಕಿಗಳಿಗೆ ತಗಡು ಹೊಡೆದಿದ್ದರು. ಸೀಟುಗಳಿದ್ದ ಕಡೆ ನೆಲದಲ್ಲಿ ಕಂಬಿಗಳು ಹಾಗೇ ಉಳಿದಿದ್ದವು. ಬೆಲ್ಟ್ ಹಾಕಿಕೊಳ್ಳಿ ಎಂದು ಪ್ರಯಾಣಿಕರಿಗೆ ದೀಪ ಹೊತ್ತಿಸುವ ಸ್ವಿಚ್ಚೂ ತಲೆಯ ಮೇಲೆ ಹಾಗೇ ಇತ್ತು. ಒಮ್ಮೆ ಮೋಡದಲ್ಲಿ ವಿಮಾನ ಅಲುಗಿದಾಗ ನನ್ನ ಕೈ ತಾನಾಗಿ ಹೋಗಿ ಆ ಸ್ವಿಚ್ ಒತ್ತಿತು. ಪಕ್ಕದಲ್ಲಿದ್ದ ಕ್ಯಾಪ್ಟನ್ ಧಾರವಾಡದ ಕಡೆಯವರು, ವಾಯುಪಡೆಯಿಂದ ನಿವೃತ್ತರಾದವರು. ನನ್ನ ಕಡೆ ತಿರುಗಿ, “ಯಾರ ಸಲುವಾಗಿರೀ ಅದು? ಹಿಂದ ಯಾರೂ ಇಲ್ಲಲ್ಲ,” ಎಂದರು. ಅವರು ಗೇಲಿ ಮಾಡಲಿಲ್ಲ. ಸುಮ್ಮನೆ ಕೇಳಿದರು, ಅಷ್ಟೆ. ನಾನು ನಕ್ಕೆ. ಆದರೆ ಅವತ್ತು ಇಳಿಯುವತನಕ ಹಿಂದಿನ ಆ ಖಾಲಿತನ ಬೆನ್ನಿಗೆ ತಾಗುತ್ತಲೇ ಇತ್ತು. ಅದು ಹಿತವಾಗಿತ್ತೋ ಭಯವಾಗಿತ್ತೋ, ಬೇರೆ ಮಾಡಿ ಹೇಳಲಾರೆ.

ಸರಕು ವಿಮಾನಗಳು ಓಡಾಡುವುದೆಲ್ಲ ಹೆಚ್ಚಾಗಿ ರಾತ್ರಿ. ಮನೆ ಸೇರುವ ಹೊತ್ತಿಗೆ ಬೀದಿಯ ಮಕ್ಕಳು ಸ್ಕೂಲ್ ವ್ಯಾನ್ ಹತ್ತುತ್ತಿದ್ದರು. ಹಗಲೆಲ್ಲ ನಿದ್ದೆ. ಒಂದು ಸಂಜೆ ಎದ್ದವಳು ಬೆಳಗಾಯಿತೆಂದುಕೊಂಡು ಹಲ್ಲುಜ್ಜಿ, ಸ್ನಾನ ಮಾಡಿ, ಹಳೆಯ ಅಭ್ಯಾಸದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಬಂದು “ತಿಂಡಿ ಏನಮ್ಮಾ?” ಎಂದೆ. ಅಮ್ಮ ದೇವರಿಗೆ ಸಂಜೆ ದೀಪ ಹಚ್ಚುತ್ತಿದ್ದವರು ತಿರುಗಿ ನೋಡಿ, “ಈಗ ಸಂಜೆ ಕಣೇ! ಇವತ್ತು ನಿಂಗೆ ರಜಾ ಬೇರೆ!” ಎಂದರು. ಹಗಲು ಮನೆಯಲ್ಲೇ ಇರುತ್ತೇನೆಂದು ಬೀದಿಯಲ್ಲಿ ನನ್ನ ಕೆಲಸ ಹೋಗಿದೆ ಎಂಬ ಸುದ್ದಿಯೂ ಹಬ್ಬಿತ್ತು. ಎದುರುಮನೆ ಆಂಟಿ ಬಸವೇಶ್ವರನಗರದ ಯಾವುದೋ ಸ್ಕೂಲಿನಲ್ಲಿ ಟೀಚರ್ ಬೇಕಂತೆ ಎಂದು ಅಮ್ಮನ ಕಿವಿಯಲ್ಲಿ ಹೇಳಿಹೋದರು.

ಅಪ್ಪ ‘ಇವತ್ತು ಫುಲ್ಲಾ’ ಎಂದು ಕೇಳುವುದನ್ನು ಬಿಟ್ಟಿದ್ದರು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅವರು ತಲೆ ಎತ್ತದೆ ಕೇಳಿದರು:

“ಆ ಹುಬ್ಬಳ್ಳಿಯವರು ಬೈದ್ರಲ್ಲ, ಅದಕ್ಕೇ ಬಿಟ್ಯೇನಮ್ಮ?”

ಅಮ್ಮ ಹೇಳಿಬಿಟ್ಟಿದ್ದಾರೆ ಎಂದು ಗೊತ್ತಾಯಿತು. “ಇಲ್ಲಪ್ಪ,” ಎಂದೆ.

“ನಂಗೂ ಒಬ್ಬ ಹೊಡೆದಿದ್ದ. ಸ್ಟಾಪಲ್ಲಿ ನಿಲ್ಲಿಸ್ಲಿಲ್ಲ ಅಂತ. ನೀನಾಗ ಎರಡನೇ ಕ್ಲಾಸು.”

ನಾನು ಸುಲಿಯುವುದನ್ನು ನಿಲ್ಲಿಸಿದೆ. ಈ ಮಾತು ನಾನು ಕೇಳಿಯೇ ಇರಲಿಲ್ಲ. “ಆಮೇಲೆ?”

“ಡಿಪೋದಲ್ಲಿ ಕೆಟ್ಟ ಗಾಡಿ ಎಳ್ಕೊಂಡ್ ಬರೋ ವ್ಯಾನಿತ್ತು. ಅದಕ್ಕೆ ಹಾಕಿ ಅಂತ ಕೇಳ್ಕೊಂಡೆ. ಒಂದು ವರ್ಷ ಓಡಿಸ್ದೆ. ಆರಾಮಾಗಿತ್ತು. ಯಾರೂ ಒಂದು ಮಾತಾಡ್ತಿರ್ಲಿಲ್ಲ.”

ಆ ಒಂದು ವರ್ಷ ಅಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದದ್ದು ನೆನಪಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. “ಮತ್ತೆ ಬಸ್ಸಿಗೆ ಯಾಕೆ ವಾಪಸ್ ಬಂದ್ರಿ?”

ಅಪ್ಪ ನಾಲ್ಕೈದು ಕಾಯಿ ಸುಲಿದರು. “ಅದೇ ನಂಗೂ ಗೊತ್ತಿಲ್ಲ ಕಣಮ್ಮ. ಒಂದಿನ ಹೋದೆ, ಬರ್ಕೊಟ್ಟೆ.”

ನನಗೆ ಸಿಟ್ಟು ಬಂತು. ಅಷ್ಟು ದೂರ ಬಂದ ಮಾತು ಒಂದು ಬುದ್ಧಿಮಾತಿನಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಹಾಗಾದರೆ ನಾನೂ ಒಂದು ವರ್ಷ ಕಾಯಬೇಕೋ? ವಾಪಸ್ ಹೋಗು ಎನ್ನುತ್ತಿದ್ದಾರೋ, ಇರು ಎನ್ನುತ್ತಿದ್ದಾರೋ? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದರು.

ಅದಾದ ಸ್ವಲ್ಪ ದಿನಕ್ಕೆ ಹಳೆಯ ಕಂಪನಿಯಿಂದ ಫೋನ್ ಬಂತು. ಕ್ಯಾಪ್ಟನ್‌ಗಳು ಸಾಲುತ್ತಿಲ್ಲ, ಬರುವುದಾದರೆ ಎಡಗಡೆಯ ಸೀಟೇ ಕೊಡುತ್ತೇವೆ ಎಂದರು. ಮಾರನೆಯ ಬೆಳಿಗ್ಗೆಯೇ ಹೋದೆ. ಪರಿಚಯದ ಅಧಿಕಾರಿ ಕಾಫಿ ತರಿಸಿ ಫಾರ್ಮ್ ಮುಂದಿಟ್ಟರು. ಹೆಸರು, ವಿಳಾಸ, ಹಾರಾಟದ ಗಂಟೆಗಳು, ಎಲ್ಲ ತುಂಬಿದೆ. ‘ಈಗಿನ ಕೆಲಸ ಬಿಡಲು ಕಾರಣ’ ಎಂಬಲ್ಲಿ ಪೆನ್ನು ನಿಂತಿತು. ‘ವೈಯಕ್ತಿಕ’ ಎಂದು ಬರೆದು ಹೊಡೆದುಹಾಕಿದೆ. ಜನ ಬೇಕು ಅನ್ನಿಸುತ್ತದೆ ಎಂದು ಬರೆಯಬಹುದಿತ್ತು. ನಿಜವಾಗಿ ಬೇಕೆ ಎಂದು ಕೇಳಿಕೊಂಡರೆ ಬಾಗಿಲಲ್ಲಿ ನಿಂತ ಆ ಮನುಷ್ಯನ ಮುಖ ಎದುರಿಗೆ ಬರುತ್ತಿತ್ತು. ಬೇಡ ಅಂದುಕೊಂಡರೆ, ನಾನು ಈ ಕುರ್ಚಿಯಲ್ಲಿ ಯಾಕೆ ಕೂತಿದ್ದೇನೆ?

“ಏನಾದ್ರೂ ಬರೀರಿ ಮೇಡಂ, ಅದನ್ನ ಯಾರೂ ಓದಲ್ಲ,” ಎಂದರು ಅಧಿಕಾರಿ.

“ನಾಳೆ ತಂದ್ಕೊಡ್ತೀನಿ,” ಎಂದು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಅವರು ಎರಡು ಸಲ ಫೋನ್ ಮಾಡಿದರು, ಆಮೇಲೆ ಬಿಟ್ಟರು.

ಸರಕು ವಿಮಾನದಲ್ಲೇ ಉಳಿದೆ. ಕೈಗಳು ಒಗ್ಗಿದವು, ಹಗಲು ನಿದ್ದೆ ಒಗ್ಗಿತು, ಕೊನೆಗೆ ಎಡಗಡೆಯ ಸೀಟೂ ಸಿಕ್ಕಿತು. ಅಷ್ಟರಲ್ಲಿ ಆ ಸಣ್ಣ ಕಂಪನಿಯೇ ಇರಲಿಲ್ಲ, ಯಾರೋ ದೊಡ್ಡವರು ಕೊಂಡುಕೊಂಡಿದ್ದರು. ಹಳೆಯ ಗೆಳೆಯರು ಸಿಕ್ಕಾಗೆಲ್ಲ, “ನೀನು ಸರಿಯಾದ ಟೈಮಲ್ಲಿ ಬುದ್ಧಿ ಉಪಯೋಗಿಸ್ದೆ ಕಣೇ,” ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಆ ಬೆಳಿಗ್ಗೆ ಫಾರ್ಮಿಗೆ ಹಾಕಲು ಒಂದೇ ಒಂದು ಮಾತು ಸಿಕ್ಕಿದ್ದರೂ ವಾಪಸ್ ಹೋಗಿಬಿಡುತ್ತಿದ್ದೆ ಎಂದು ಯಾರಿಗೂ ಹೇಳಿಲ್ಲ.