ಬಕ್ರೀದಿನ ತೊಗಲು, ಐನ್ ದರೂಶಿನ ನಾಯಿಗಳು

ಯಾಮ್ನಾಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಚೆಗೆ ಅವಳ ಸುದ್ದಿ ತೆಗೆಯುವವರೆಲ್ಲ, ಅವಳೇನೋ ನಾಯಿಗಳನ್ನು ಹೆತ್ತ ತಾಯಿ ಅನ್ನುವ ಹಾಗೆ ಕಣ್ಣೊರೆಸಿಕೊಳ್ಳುತ್ತಾರೆ. ಅದೆಲ್ಲ ಸುಳ್ಳು. ನಮ್ಮೂರು ಐನ್ ದರೂಶಿನ ತೊಗಲು ಕಾರ್ಖಾನೆಯಲ್ಲಿ ನಮ್ಮ ಜೊತೆ ಆಯುಷ್ಯವೆಲ್ಲ ಹಸಿ ತೊಗಲಿಗೆ ಉಪ್ಪು ತಿಕ್ಕಿದ ಹೆಂಗಸು ಅವಳು. ಮುಷ್ಕರದ ವರ್ಷ ಮಾಲೀಕನ ಲಾರಿಗೆ ಅಡ್ಡ ಮಲಗಿದ್ದಳು. ಎತ್ತಿ ಹಾಕಲು ಬಂದ ಇಬ್ಬರು ಪೊಲೀಸರಿಗೆ, ಇನ್ನಿಬ್ಬರನ್ನು ಕರಕೊಂಡು ಬನ್ನಿ, ನಾನು ಭಾರ ಇದ್ದೀನಿ ಎಂದು ಮಲಗಿದಲ್ಲಿಂದಲೇ ಸಲಹೆ ಕೊಟ್ಟಿದ್ದಳು.

ಕಾರ್ಖಾನೆಯ ಹಿಂದೆ ಅವಳು ದಿನಾ ಸಂಜೆ ತೊಗಲಿನಿಂದ ಹೆರೆದ ಕೊಬ್ಬು ಮಾಂಸದ ಚೂರನ್ನು ನಾಯಿಗಳಿಗೆ ಎಸೆಯುತ್ತಿದ್ದದ್ದು ನಿಜ. ಪ್ರೀತಿಯಿಂದಲ್ಲ, ಇಟ್ಟುಕೊಂಡರೆ ನಾರುತ್ತದೆ ಎಂದು. ಆ ಕಾರಣವೆಲ್ಲ ನಾಯಿಗಳಿಗೆ ಬೇಕಿರಲಿಲ್ಲ. ಊರಿನ ಬೇರೆ ಯಾರು ಬಗ್ಗಿದರೂ ಕಲ್ಲು ಎತ್ತಿದರೆಂದು ಓಡುವ ಅವು, ಅವಳು ಬಗ್ಗಿದರೆ ಮಾತ್ರ ಹತ್ತಿರ ಬರುತ್ತಿದ್ದವು.

ಯಾಮ್ನಾ ಲಂಗ ಹಾಕುವ ವಯಸ್ಸಿನಲ್ಲಿದ್ದಾಗ ಅವಳ ಅಣ್ಣ ಇದೀರನಿಗೆ ಹುಚ್ಚುನಾಯಿ ಕಚ್ಚಿತ್ತು. ನೀರಿನ ಲೋಟ ಕಂಡರೆ ಕಿರುಚುತ್ತ, ಕಟ್ಟಿಹಾಕಿದ ಹಗ್ಗ ಕಚ್ಚುತ್ತ ಸತ್ತ. ಊರವರು ಸಿಟ್ಟಿಗೆ ಕಂಡ ಕಂಡ ನಾಯಿಯನ್ನೆಲ್ಲ ಕೊಂದರು. ಓಣಿಗಳು ಖಾಲಿಯಾದವು. ಚಳಿಗಾಲಕ್ಕೆ ಗುಡ್ಡದ ನಾಯಿಗಳು ಇಳಿದು ಬಂದು ಆ ಖಾಲಿ ಜಾಗ ತುಂಬಿದವು. ಮುಂದಿನ ವಸಂತಕ್ಕೆ ಪಕ್ಕದ ಮನೆಯ ಹುಡುಗಿ ಅದೇ ರೋಗದಲ್ಲಿ ಹೋದಳು. ಇದೀರನ ಸಾವನ್ನು ಊರು ನೆನಪಿಟ್ಟುಕೊಂಡಿತು, ಆ ಹುಡುಗಿಯದನ್ನು ಮರೆಯಿತು. ಯಾಮ್ನಾ ಎರಡನ್ನೂ ಮರೆಯಲಿಲ್ಲ.

ಈ ವಸಂತದಲ್ಲಿ ಮತ್ತೆ ಶುರುವಾಯಿತು. ಮಸೀದಿ ಸಂಘದ ಹಿರಿಯ ಬೂಶ್ತಾ, ಮರ್ಯಾದೆಗೆ ನಾವು ಸಿ ಬೂಶ್ತಾ ಅನ್ನುವವರು, ಅವರ ಮೊಮ್ಮಗನಿಗೆ ಗುಡ್ಡದ ದಾರಿಯಲ್ಲಿ ನಾಯಿ ಕಚ್ಚಿತು. ಚುಚ್ಚುಮದ್ದು ಸಿಕ್ಕಿ ಮಗು ಉಳಿಯಿತು, ಆದರೆ ಊರಿಗೆ ನಿದ್ದೆ ಹೋಯಿತು. ಪುರಸಭೆಯವರು ಬಕ್ರೀದ್ ಮುಗಿದ ವಾರ ನಾಯಿ ಕೊಲ್ಲಲು ಬಂದೂಕಿನವರನ್ನು ಕರೆಸುವುದೆಂದು ತೀರ್ಮಾನಿಸಿದರು. ಫೆಸ್ ನಗರದಿಂದ ಬಂದ ಪಶುವೈದ್ಯೆ ಲಮ್ಯಾ, ನಾಯಿಗಳಿಗೆ ಲಸಿಕೆ ಹಾಕುವ ಪುಟ್ಟ ಸಂಘ ಕಟ್ಟಿಕೊಂಡಾಕೆ, ಅಧ್ಯಕ್ಷರ ಬಾಗಿಲಲ್ಲಿ ಕೂತು ಒಂದು ಮಾತು ಗಿಟ್ಟಿಸಿದಳು. ಲಸಿಕೆ ಹಾಕಿಸಿಕೊಂಡು ಕೊರಳಲ್ಲಿ ಹಳದಿ ಪಟ್ಟಿ ಇರುವ ನಾಯಿಗೆ ಗುಂಡು ಹೊಡೆಯುವಂತಿಲ್ಲ. ಅಧ್ಯಕ್ಷರು ಸುಲಭವಾಗಿ ಒಪ್ಪಿದರು. ಲಮ್ಯಾಳ ಸಂಘದ ದುಡ್ಡು ಹಿಂದಿನ ಊರಿನಲ್ಲೇ ಮುಗಿದಿತ್ತು. ನಮ್ಮ ಊರಿನ ನಾಯಿಯನ್ನು ಹಿಡಿಯುವುದಂತೂ ಯಾರಿಂದಲೂ ಆಗುವ ಮಾತಲ್ಲ. ಈ ಎರಡೂ ಅವರಿಗೆ ಗೊತ್ತಿತ್ತು.

ಯಾಮ್ನಾ ಇದನ್ನು ಕೇಳಿಸಿಕೊಂಡು ಕೈಯ ಉಪ್ಪು ತೊಳೆದು ಎದ್ದಳು. ಬಕ್ರೀದಿನಲ್ಲಿ ಮನೆಗೊಂದು ಕುರಿ ಬೀಳುತ್ತದೆ. ತೊಗಲನ್ನು ಮಾರಿಕೊಂಡು ತಿನ್ನುವ ಹಾಗಿಲ್ಲ, ಕಡಿದವನಿಗೆ ಕೂಲಿಯಾಗಿ ಕೊಡುವ ಹಾಗೂ ಇಲ್ಲ, ಸದಕಾ ಎಂದು ದಾನಕ್ಕೆ ಹೋಗಬೇಕು. ಪ್ರತಿ ವರ್ಷ ಅದು ಬೂಶ್ತಾ ಅವರ ಮಸೀದಿ ಸಂಘಕ್ಕೆ ಹೋಗುತ್ತಿತ್ತು. ಈ ಸಲ ಅದನ್ನು ನಾಯಿಗಳ ಲಸಿಕೆಗೆ ಕೇಳೋಣ ಅಂದಳು. ಚೆನ್ನಾಗಿ ಉಪ್ಪು ಕಂಡ ತೊಗಲಾದರೆ ಅವತ್ತೇ ದುಡ್ಡು ಎಣಿಸುತ್ತೇನೆಂದು ಕಾರ್ಖಾನೆ ಮಾಲೀಕನೂ ಹೇಳಿದ. ಲಾರಿಗೆ ಅಡ್ಡ ಮಲಗಿದವಳ ಹತ್ತಿರ ಅವನು ಈಗಲೂ ಸ್ವಲ್ಪ ಹುಷಾರು.

ಮನೆ ಮನೆ ತಿರುಗಿದಳು. ನಾವೂ ಕೆಲವರು ಹಿಂದೆ ಹೋದೆವು. ಕೆಲವರು ನಕ್ಕರು, ಕೆಲವರು ಪುದೀನ ಚಹಾ ಕೊಟ್ಟು ಕಳಿಸಿದರು. ಮೇಲಿನ ಓಣಿಯ ಬಟ್ಟೆ ವ್ಯಾಪಾರಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದ.

"ಅಲ್ಲಾಹನ ಹೆಸರಲ್ಲಿ ಕಡಿದ ಕುರಿ ತೊಗಲು, ನಾಯಿ ಬಾಯಿಗಾ ಖಾಲ್ತಿ?"

ಊರಿಗೆಲ್ಲ ಅವಳು ಖಾಲ್ತಿ, ಚಿಕ್ಕಮ್ಮ.

"ನಾಯಿ ಬಾಯಿಗಲ್ಲಪ್ಪ," ಅಂದಳು ಯಾಮ್ನಾ. "ನಿನ್ನ ಮಗಳ ಕಾಲಿಗೆ."

ಅವನು ಒಳಗೆ ಹೋದ.

ಹಬ್ಬದ ಬೆಳಿಗ್ಗೆ, ನಮಾಜು ಮುಗಿದು ಕತ್ತಿಗಳ ಕೆಲಸ ಆದ ಮೇಲೆ, ಓಣಿಗಳಲ್ಲಿ ಹುಡುಗರು ಕುರಿತಲೆ ಸುಡುವ ಹೊಗೆ ಎದ್ದಿತು. ಯಾಮ್ನಾ ಕಾರ್ಖಾನೆಯ ಅಂಗಳದಲ್ಲಿ ಉಪ್ಪಿನ ಚೀಲದ ಮೇಲೆ ಕೂತು ಕಾದಳು. ಬಿಸಿಲು ಏರಿತು. ಯಾರೂ ಬರಲಿಲ್ಲ. ನಾವು ಅವಳ ಮುಖ ನೋಡಲಾಗದೆ ಗೋಡೆ ನೋಡುತ್ತಿದ್ದೆವು. ಆಮೇಲೆ ಒಂದು ಕತ್ತೆಗಾಡಿ ಬಂತು. ಅದರ ಹಿಂದೆ ಇನ್ನೊಂದು. ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ಬಂದರು. ಬಟ್ಟೆ ವ್ಯಾಪಾರಿ ತನ್ನ ಕಾರಿನ ಡಿಕ್ಕಿ ತೆಗೆದ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ತೊಗಲು ನನ್ನ ಎದೆಮಟ್ಟ ಬಂತು.

ಯಾಮ್ನಾ ಒಂದು ಗಂಟು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ತಲೆಗೆ ಕೈ ಹಚ್ಚಿದಳು. ದಾನಕ್ಕೆ ಕೊಳಕು ವಸ್ತು ಕೊಡಬಾರದೆಂದು ನಮ್ಮ ಜನ ತೊಗಲನ್ನು ನೀರಲ್ಲಿ ಚೆನ್ನಾಗಿ ತೊಳೆದು, ಅಚ್ಚುಕಟ್ಟಾಗಿ ಮಡಚಿ, ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಒಬ್ಬಾಕೆ ಗುಲಾಬಿ ನೀರನ್ನೂ ಚಿಮುಕಿಸಿದ್ದಳು. ಹಸಿ ತೊಗಲು ಒದ್ದೆಯಾಗಿ, ಮಡಚಿಟ್ಟಲ್ಲೇ ಬಿಸಿಯೇರಿದರೆ ಸಂಜೆಗೆ ಕೂದಲು ಕೈಗೆ ಬರುತ್ತದೆ. ಕೂದಲು ಬಂದ ತೊಗಲಿಗೆ ಮಾಲೀಕ ಬಿಡಿಗಾಸು ಕೊಡುವವನಲ್ಲ. ಎಲ್ಲವನ್ನೂ ಬಿಚ್ಚಿ, ನೀರು ಬಸಿದು, ಹಾಸಿ, ಉಪ್ಪು ತಿಕ್ಕಬೇಕು. ನಾವಿದ್ದವರು ಕೈ ಬೆರಳಷ್ಟು ಜನ. ಉಪ್ಪೂ ಅರ್ಧಕ್ಕೆ ಸಾಲದು.

ಆಗಲೇ ಸಿ ಬೂಶ್ತಾ ಬಂದರು. ಹಬ್ಬದ ಬಿಳಿ ನಿಲುವಂಗಿ, ಜಲಾಬ, ತೊಟ್ಟಿದ್ದರು. ತಮ್ಮ ಮಸೀದಿಯ ತೊಗಲು ನಾಯಿ ಪಾಲಾಗಿದ್ದನ್ನು ಕಂಡು ಜಗಳಕ್ಕೆಂದೇ ಬಂದದ್ದು, ಅದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ರಾಶಿಯ ಹತ್ತಿರ ನಿಂತು ಮಡಚಿದ ಒಂದು ತೊಗಲಿನೊಳಗೆ ಕೈ ತೂರಿಸಿದರು. ಬಿಸಿ ತಾಗಿರಬೇಕು, ಕೈ ಎಳೆದುಕೊಂಡರು. ಬಂದ ದಾರಿಯಲ್ಲೇ ತಿರುಗಿ ಹೋದರು. ಹೋಗಿಬಿಟ್ಟರೆಂದೇ ನಾವು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮಸೀದಿಯ ಉಗ್ರಾಣದ ಉಪ್ಪಿನ ಚೀಲಗಳನ್ನೆಲ್ಲ ಕತ್ತೆಗಳ ಮೇಲೆ ಹೇರಿಸಿಕೊಂಡು, ಹಿಂದೆ ಅರ್ಧ ಓಣಿಯನ್ನು ಕರೆದುಕೊಂಡು ಬಂದರು.

"ನಾಯಿಗೋಸ್ಕರ ಅಂದ್ಕೋಬೇಡ ಯಾಮ್ನಾ," ಅಂದರು. "ನಂಗೆ ಅವು ಇವತ್ತೇ ಸತ್ರೂ ಸರಿ. ಆದ್ರೆ ಕುರ್ಬಾನಿ ತೊಗಲು ಕೊಳೀಬಾರ್ದು."

"ಮಾತು ಸಾಕು, ತೋಳು ಏರಿಸ್ಕೊಳ್ಳಿ ಸಿ ಬೂಶ್ತಾ," ಅಂದಳು ಅವಳು.

ಅವರು ಏರಿಸಿಕೊಂಡರು. ಹಬ್ಬದ ಬಟ್ಟೆಯಲ್ಲಿದ್ದ ಹೆಂಗಸರು ಚಪ್ಪಲಿ ಬಿಟ್ಟು ಉಪ್ಪಿನಲ್ಲಿ ಮೊಣಕಾಲೂರಿದರು. ಅಂಗಳ ಸಾಲದೆ ತೊಗಲು ಬೀದಿಗೆ ಬಂತು, ಸೇತುವೆಯವರೆಗೆ ಹರಡಿತು. ಬಿಳಿ, ಕಪ್ಪು, ಕಂದು ಉಣ್ಣೆಯ ಅಂಚುಗಳ ನಡುವೆ ಉಪ್ಪು ಹೊಳೆಯುತ್ತಿತ್ತು. ನಾನು ದೊಡ್ಡ ದೊಡ್ಡ ಮೆರವಣಿಗೆ ನೋಡಿದವನು. ಊರು ಹೀಗೆ ಬಗ್ಗಿ ಒಂದೇ ಕೆಲಸ ಮಾಡಿದ್ದನ್ನು ಕಂಡಿರಲಿಲ್ಲ.

ಆಮೇಲೆ ನಾಯಿಗಳು ಬಂದವು. ಹಸಿ ತೊಗಲಿನ ವಾಸನೆಗೆ ಕಸದ ಗುಂಡಿಯಿಂದ, ಹೊಳೆಯಾಚೆಯಿಂದ, ಸ್ಮಶಾನದ ಗೋಡೆಯ ಹಿಂದಿನಿಂದ, ನಾವು ಕಂಡೇ ಇರದ ನಾಯಿಗಳು ಬಂದು ಬೀದಿಯ ಅಂಚಿನಲ್ಲಿ ಕೂತವು. ಯಾಮ್ನಾ ತೊಗಲಿನಿಂದ ಹೆರೆದ ಕೊಬ್ಬಿನ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಅವುಗಳ ನಡುವೆ ಹೋದಳು. ದುಡ್ಡು ಬರುವ ಮೊದಲೇ ನಂಬಿಕೆಯ ಮೇಲೆ ಲಸಿಕೆ ಸಾಲ ತಂದಿದ್ದ ಲಮ್ಯಾ ಪೆಟ್ಟಿಗೆ ಹಿಡಿದು ಅವಳ ಹಿಂದೆ ನಡೆದಳು. ಯಾಮ್ನಾ ಚೂರು ಹಾಕಿ, ಕತ್ತಿನ ತೊಗಲು ಹಿಡಿದು ನಿಲ್ಲುವಳು. ಲಮ್ಯಾಳ ಸೂಜಿ ಇಳಿಯುವುದು, ಹಳದಿ ಪಟ್ಟಿ ಬೀಳುವುದು. ಆಮೇಲೆ ಮುಂದಿನ ನಾಯಿಗೆ. ಒಂದೂ ಕಚ್ಚಲಿಲ್ಲ. ಗುರ್ ಎಂದದ್ದೂ ಕಡಿಮೆ. ಉಪ್ಪು ತಿಕ್ಕುತ್ತಿದ್ದ ಜನ ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ನಾವು ಇಷ್ಟು ದಿನ ಕಲ್ಲು ಹೊಡೆದ ಪ್ರಾಣಿಗಳು ಒಬ್ಬ ಮುದುಕಿಯ ಕೈಗೆ ಕತ್ತು ಕೊಟ್ಟು ನಿಂತಿದ್ದವು. ಸಿ ಬೂಶ್ತಾ ಬಾಯಲ್ಲಿ ಏನೋ ಓದಿಕೊಳ್ಳುತ್ತಿದ್ದರು. ಕೇಳಲಿಕ್ಕೆ ನಮಗ್ಯಾರಿಗೂ ಧೈರ್ಯವಾಗಲಿಲ್ಲ.

ಮರುದಿನ ತೊಗಲು ಮಾಲೀಕನ ಗೋದಾಮಿಗೆ ಹೋಯಿತು, ಲಸಿಕೆಯ ಬಾಕಿ ತೀರಿತು, ಮಿಕ್ಕದ್ದು ಸುತ್ತಲಿನ ಹಳ್ಳಿಗಳ ನಾಯಿಗಳಿಗೆಂದು ಲಮ್ಯಾಳ ಕೈ ಸೇರಿತು.

ಬಂದೂಕಿನವರು ಹೇಳಿದ ವಾರವೇ ಬಂದರು. ಓಣಿ ಓಣಿ ನಡೆದರು. ಎಲ್ಲಿ ನೋಡಿದರೂ ಹಳದಿ. ಬೇಸತ್ತು ಒಬ್ಬ ಬಂದೂಕನ್ನು ಹೆಗಲಿಗೆ ಏರಿಸಿ ನಮ್ಮ ಕಟ್ಟೆಯ ಮೇಲೆ ಚಹಾಕ್ಕೆ ಕೂತ. ಆದರೆ ಹಬ್ಬದ ದಿನ ಬಾರದೇ ಉಳಿದ ಮೂರು ನಾಯಿಗಳು ಸೇತುವೆ ಬಳಿ ಸಿಕ್ಕವು. ಸದ್ದು ಮೂರು ಸಲ ಕೇಳಿತು.

ಯಾಮ್ನಾ ಉಪ್ಪಿನ ಸಲಿಕೆ ತೆಗೆದುಕೊಂಡು ಹೋಗಿ ಹೊಳೆಯಂಚಿನಲ್ಲಿ ಗುಂಡಿ ತೋಡಿದಳು. ನಾವು ಎತ್ತಿ ಇಟ್ಟೆವು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸುಸ್ತಿತ್ತು. ಮಣ್ಣು ಎಳೆದ ಮೇಲೆ ನನ್ನ ಫೋನು ಕೇಳಿ ಲಮ್ಯಾಗೆ ಹಚ್ಚಿಸಿದಳು.

"ಮೂರು ಹೋದ್ವಮ್ಮ," ಅಂದಳು. "ಮಿಕ್ಕಿದ್ದೆಲ್ಲ ಇದಾವೆ. ಮೂರು ಪಟ್ಟಿ ನನ್ ಹತ್ರ ಹಾಗೇ ಉಳ್ದಿದೆ, ಹಳ್ಳಿ ಕಡೆ ಹೋಗ್ವಾಗ ಬಂದು ಇಸ್ಕೊಂಡ್ ಹೋಗು."